ಭಾಯಿ, ಸಗಾ, ಬೀಗರು: ಬೀದರ್ ದಿಣ್ಣೆಗಳ ಬಂಧುತ್ವ

ಬೀದರ್ ಜಿಲ್ಲೆಯನ್ನು ಯಾರೂ ಮಲೆನಾಡು ಎನ್ನುವುದಿಲ್ಲ. ಆದರೂ ಭಾಲ್ಕಿಯಿಂದ ಸಾಯಗಾಂವದ ಕಡೆಗೋ ಔರಾದದ ಕಡೆಗೋ ಹೊರಟವರಿಗೆ ನೆಲದ ಏರಿಳಿತ ಬೇಗ ಗೊತ್ತಾಗುತ್ತದೆ. ಮಂಜ್ರಾ ನದಿ ಮತ್ತು ಅದಕ್ಕೆ ಸೇರುವ ಹಳ್ಳಗಳ ಬದಿಯಲ್ಲಿ ಎರೆಹೊಲಗಳು. ಅಲ್ಲಿಂದ ಮೇಲೇರಿದರೆ ಕಲ್ಲು, ಮುರುಮು, ಕುರುಚಲು ಗಿಡಗಳ ದಿಣ್ಣೆಗಳು. ಹಳೆಯ ಊರುಗಳು ಸಾಮಾನ್ಯವಾಗಿ ಎರೆ ಮತ್ತು ನೀರಿನ ಹತ್ತಿರ ಇವೆ. ಲಂಬಾಣಿ ತಾಂಡಾಗಳು ಊರಿನಿಂದ ಒಂದಷ್ಟು ದೂರ, ಒಕ್ಕಲುತನಕ್ಕೆ ಒಗ್ಗದ ಎತ್ತರದ ನೆಲದಲ್ಲಿ ಇವೆ. ಯಾರು ಮೊದಲು ಬಂದರು, ಯಾರಿಗೆ ಎಂಥ ನೆಲ ದಕ್ಕಿತು ಎಂಬುದು ಮನೆಗಳ ಜಾಗದಲ್ಲೇ ಕಾಣುತ್ತದೆ.

ಯಾರು ಯಾರಿಗೆ ಏನಾಗಬೇಕು ಎಂಬ ಲೆಕ್ಕ ಮಾತ್ರ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಕನ್ನಡ, ಮರಾಠಿ, ಉರ್ದು, ತೆಲುಗು ಮತ್ತು ಲಂಬಾಣಿಗಳ ಗೋರಬೋಲಿ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಬಂಧುತ್ವದ ಹಲವು ಪದ್ಧತಿಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವದ ಅಧ್ಯಯನದಲ್ಲಿ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಅವರ ಪ್ರಕಾರ ಮಹಾರಾಷ್ಟ್ರ ಮಧ್ಯ ವಲಯಕ್ಕೂ ಕರ್ನಾಟಕ ದಕ್ಷಿಣ ವಲಯಕ್ಕೂ ಸೇರುತ್ತವೆ. ಆ ಎರಡು ವಲಯಗಳು ಕೂಡುವ ಗೆರೆ ಹಾದುಹೋಗುವ ಊರುಗಳಲ್ಲಿ ಸಾಯಗಾಂವದಂಥ ಗಡಿಸೀಮೆಯ ಹಳ್ಳಿಗಳೂ ಇವೆ. ಉತ್ತರದಿಂದ ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಬಂದ ಲಂಬಾಣಿಗಳು ಅಲ್ಲಿಗೆ ಮೂರನೆಯದೊಂದು ಕಟ್ಟಳೆಯನ್ನೂ ತಂದರು.

ನಾಲ್ವರು ಹೆಣ್ಣುಮಕ್ಕಳ ಲೆಕ್ಕ

ಈ ಪದ್ಧತಿಗಳ ನಡುವಿನ ಅಂತರ ತಿಳಿಯಬೇಕಾದರೆ ಊರಿನ ಯಾವುದೇ ಯುವಕನ ಸಂಬಂಧದಲ್ಲಿ ಬರುವ ನಾಲ್ವರನ್ನು ನೋಡಿದರೆ ಸಾಕು: ಕಾಕಾನ ಮಗಳು, ಮಾಮಾನ ಮಗಳು, ಅತ್ತೆಯ ಮಗಳು, ಅಕ್ಕನ ಮಗಳು.

ಕನ್ನಡದ ಲಿಂಗಾಯತ ಮನೆಯಲ್ಲಿ ಕಾಕಾನ ಮಗಳು ತಂಗಿ. ಅವಳೊಂದಿಗೆ ಮದುವೆಯ ಮಾತೇ ಇಲ್ಲ. ಉಳಿದ ಮೂವರ ಮನೆಗೂ ಹೆಣ್ಣು ಕೇಳಲು ಹೋಗಬಹುದು. ಮರಾಠರಲ್ಲಿ ಮಾಮಾನ ಮಗಳು ಸಲ್ಲುತ್ತಾಳೆ, ಹಲವೆಡೆ ಆ ಸಂಬಂಧವನ್ನೇ ಮೊದಲು ನೋಡುತ್ತಾರೆ. ಅತ್ತೆಯ ಮಗಳು ಕೂಡದು. ಕೊಟ್ಟ ಮನೆಯಿಂದ ತಿರುಗಿ ಹೆಣ್ಣು ತರಬಾರದು ಎಂಬುದು ಅಲ್ಲಿನ ನಂಬಿಕೆ. ಅಕ್ಕನ ಮಗಳನ್ನು ಮದುವೆಯಾಗುವುದನ್ನಂತೂ ಅವರು ಊಹಿಸಲಾರರು. ಅದೇ ಓಣಿಯ ಮುಸ್ಲಿಂ ಮನೆಯಲ್ಲಿ ಕಾಕಾನ ಮಗಳೊಂದಿಗೂ ನಿಕಾಹ್ ಆಗಬಹುದು. ಆದರೆ ಅಕ್ಕನ ಮಗಳು ಧರ್ಮದ ಕಟ್ಟಳೆಯಿಂದಲೇ ನಿಷಿದ್ಧ. ಲಂಬಾಣಿಗಳಲ್ಲಿ ಕಾಕಾನ ಮಗಳು ಮಾತ್ರವಲ್ಲ, ನೂರು ಮೈಲಿ ಆಚೆಯ ತಾಂಡಾದ ಗುರುತೇ ಇಲ್ಲದ ಹುಡುಗಿಯೂ ಒಂದೇ ಗೋತಿನವಳಾದರೆ, ಅಂದರೆ ಒಂದೇ ಬಳ್ಳಿಯವಳಾದರೆ, ತಂಗಿಯೇ. ಮಾಮಾನ ಮಗಳ ಗೋತ್ ಬೇರೆ ಇರುವುದರಿಂದ ಸೂತ್ರದ ಪ್ರಕಾರ ಅಡ್ಡಿಯಿಲ್ಲ. ಹಾಗಿದ್ದರೂ ಇಷ್ಟು ಹತ್ತಿರದ ನಂಟು ಬೇಡ ಎನ್ನುವ ತಾಂಡಾಗಳೂ ಇವೆ, ಸುತ್ತಲಿನ ಕನ್ನಡ-ತೆಲುಗು ರೂಢಿಯನ್ನು ಒಪ್ಪಿಕೊಂಡ ತಾಂಡಾಗಳೂ ಇವೆ.

ಹೀಗೆ ಒಂದೇ ಬಾವಿಯ ನೀರು ಕುಡಿಯುವ ಮನೆಗಳಲ್ಲಿ ಒಬ್ಬರ ತಂಗಿ ಇನ್ನೊಬ್ಬರ ಲೆಕ್ಕದಲ್ಲಿ ಹೆಂಡತಿಯಾಗಬಹುದಾದವಳು. ಇದರಿಂದ ಜಗಳವಾಗುವುದು ಅಪರೂಪ. ಮದುವೆ ಜಾತಿಯ ಒಳಗೇ ನಡೆಯುವುದರಿಂದ ಒಬ್ಬರ ಕಟ್ಟಳೆ ಇನ್ನೊಬ್ಬರ ಬಾಗಿಲಿಗೆ ಬರುವುದಿಲ್ಲ. ಸಹಬಾಳ್ವೆ ಎಂದು ಹೊಗಳುವಾಗ ಅದರ ಅಡಿಯಲ್ಲಿ ಇಂಥ ಗೋಡೆಯೂ ಇದೆ ಎಂಬುದನ್ನು ಮರೆಯಬಾರದು. ಆ ಗೋಡೆಯನ್ನು ಒಡೆಯಲು ಹೊರಟ ದೊಡ್ಡ ಪ್ರಯತ್ನ ನಡೆದದ್ದೂ ಇದೇ ಜಿಲ್ಲೆಯಲ್ಲಿ. 12ನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು. ಅದಕ್ಕೆ ಪ್ರತಿಯಾಗಿ ಅರಸ ಬಿಜ್ಜಳನ ಆಡಳಿತ ಇಬ್ಬರು ತಂದೆಯರಿಗೂ ಘೋರ ಶಿಕ್ಷೆ ವಿಧಿಸಿತು, ಶರಣರು ಕಲ್ಯಾಣವನ್ನು ತೊರೆದು ಚದುರಿಹೋದರು ಎಂದು ಶರಣ ಪರಂಪರೆ ಹೇಳುತ್ತದೆ. ಕಲ್ಯಾಣದ ಆ ಕ್ಷೋಭೆಯ ಕಿಡಿ ಒಂದು ಮದುವೆ ಎಂಬುದನ್ನು ಬಂಧುತ್ವದ ಚರಿತ್ರೆ ಬರೆಯುವವರು ಸಣ್ಣ ಸಂಗತಿ ಎಂದು ಬಿಡಲಾಗದು.

ಅಣ್ಣತಮ್ಮರು ಮತ್ತು ಬೀಗರು

ಕಟ್ಟಳೆಗಳು ಎಷ್ಟೇ ಬೇರೆಯಾದರೂ ಇಲ್ಲಿನ ಹೆಚ್ಚಿನ ಸಮುದಾಯಗಳಿಗೆ ಒಂದು ಚೌಕಟ್ಟು ಸಮಾನ. ತಮ್ಮವರನ್ನು ಎರಡು ಪಾಲು ಮಾಡುವುದು: ಒಂದೇ ಬಳ್ಳಿಯವರು, ಹೆಣ್ಣು ಕೊಟ್ಟು ತರುವವರು. ಕನ್ನಡದವರಿಗೆ ಅಣ್ಣತಮ್ಮರು ಮತ್ತು ಬೀಗರು. ಮರಾಠಿಯಲ್ಲಿ ಭಾವಕಿ ಮತ್ತು ಸೋಯರೆ. ಗೋರಬೋಲಿಯಲ್ಲಿ ಭಾಯಿ ಮತ್ತು ಸಗಾ. ಭಾವಕಿಯೊಂದಿಗೆ ಹೊಲದ ಬದು, ದೇವರ ಕೋಣೆ, ಸೂತಕ ಹಂಚಿಕೆಯಾಗುತ್ತವೆ. ಹಾಗಾಗಿ ವ್ಯಾಜ್ಯವೂ ಅವರೊಂದಿಗೇ ಹೆಚ್ಚು. ಕಷ್ಟಕ್ಕೆ ಸಾಲ ಕೇಳಲು, ಮಗನನ್ನು ಶಾಲೆಗೆ ಬಿಡಲು, ಮಳೆ ಕೈಕೊಟ್ಟ ವರ್ಷ ದನ ಮೇಯಲು ಕಳಿಸಲು ಮಾತ್ರ ಬೀಗರ ಮನೆಯೇ ಬೇಕು.

ಬಳ್ಳಿಯ ಗುರುತು ಹಿಡಿಯುವ ಬಗೆ ಒಂದೊಂದು ಸಮುದಾಯದಲ್ಲಿ ಒಂದೊಂದು. ಮರಾಠರಲ್ಲಿ ಕುಳದ ಜೊತೆಗೆ ದೇವಕ ಎಂಬುದಿದೆ: ಒಂದು ಮರ, ಎಲೆ ಅಥವಾ ವಸ್ತುವನ್ನು ಮದುವೆಯ ಮುನ್ನ ತಂದು ಪೂಜಿಸುತ್ತಾರೆ. ಎರಡೂ ಮನೆಯ ದೇವಕ ಒಂದೇ ಆದರೆ ಸಂಬಂಧ ಅಲ್ಲಿಗೆ ನಿಲ್ಲುತ್ತದೆ. ಕುರುಬರಲ್ಲಿ ಬೆಡಗು ನೋಡುತ್ತಾರೆ. ಅದರ ಮೇಲೆ ಮದುವೆಯಲ್ಲಿ ಉಣ್ಣೆಯ ಕಂಕಣ ಕಟ್ಟುವವರು, ಹತ್ತಿಯ ಕಂಕಣ ಕಟ್ಟುವವರು ಎಂಬ ಎರಡು ದೊಡ್ಡ ಪಂಗಡಗಳಿವೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಕುರುಬರು, ಧನಗರರು, ಮರಾಠರು, ಲಿಂಗಾಯತರು ಎಲ್ಲರೂ ಬರುತ್ತಾರೆ. ಮೂರು ರಾಜ್ಯಗಳ ಬೀಗರು ಎದುರುಬದುರಾಗುವ ಇಂಥ ಜಾತ್ರೆಗಳಲ್ಲಿ ವರ ನೋಡುವ ಕೆಲಸವೂ ನಡೆದುಬಿಡುತ್ತದೆ.

ನಿಜಾಮರ ಕಾಲದ ಊರಿನ ರಚನೆಯೂ ಮನೆತನಗಳ ಮೇಲೆಯೇ ನಿಂತಿತ್ತು. ಪಾಟೀಲ, ಕುಲಕರ್ಣಿ, ದೇಶಮುಖ ಎಂಬ ಹುದ್ದೆಗಳು ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು. ಬಡಿಗ, ಕಮ್ಮಾರ, ಕುಂಬಾರ, ಕ್ಷೌರಿಕ ಮೊದಲಾದ ಬಲೂತಿದಾರರು ಸುಗ್ಗಿಯಲ್ಲಿ ಧಾನ್ಯ ಪಡೆದು ವರ್ಷವಿಡೀ ಒಂದೊಂದು ಒಕ್ಕಲಿಗೆ ದುಡಿಯುತ್ತಿದ್ದರು. ಆ ಒಕ್ಕಲುಗಳನ್ನೂ ಅಣ್ಣತಮ್ಮರು ಆಸ್ತಿಯಂತೆ ಪಾಲು ಮಾಡಿಕೊಳ್ಳುತ್ತಿದ್ದರು. ಊರಿನಲ್ಲಿ ಜಾತಿ ಮೀರಿ ‘ಕಾಕಾ’, ‘ಮಾಮಾ’, ‘ವೈನಿ’ ಎಂದು ಕರೆಯುವ ವಾಡಿಕೆ ಈಗಲೂ ಇದೆ. ಆದರೆ ಹೊಲೆಗೇರಿ, ಮಾದಿಗರ ಓಣಿಯ ಹಿರಿಯರನ್ನು ಮೇಲ್ಜಾತಿಯ ಹುಡುಗರು ಬಹುಕಾಲ ಹೆಸರು ಹಿಡಿದೇ ಕೂಗಿದರು. ಈ ‘ಕಾಕಾ’ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಊರಿನ ಮೇಲುಕೀಳು ಕಾಣುತ್ತದೆ.

ತಾಂಡಾ

ಈಗ ದಿಣ್ಣೆಯ ಮೇಲಿನ ತಾಂಡಾಕ್ಕೆ ಬರೋಣ. ಅದನ್ನು ಕಟ್ಟಿರುವುದೇ ನೆಂಟಸ್ತಿಕೆ.

ಲಂಬಾಣಿ, ಲಮಾಣಿ, ಬಂಜಾರ, ಸುಗಾಲಿ, ಲಂಬಾಡ ಎಂಬ ಹೆಸರುಗಳೆಲ್ಲ ಒಂದೇ ಜನರಿಗೆ ಬೇರೆ ಬೇರೆ ಸೀಮೆಗಳಲ್ಲಿ ಬಂದವು. ಅವರು ತಮ್ಮನ್ನು ‘ಗೋರ್’ ಎಂದೂ ಹೊರಗಿನವರನ್ನು ‘ಕೋರ್’ ಎಂದೂ ಕರೆಯುತ್ತಾರೆ. ದಖ್ಖನಿಗೆ ಬಂದ ಮೊಘಲ್ ಸೈನ್ಯಗಳಿಗೆ ಧಾನ್ಯ ಸಾಗಿಸಿದವರು ಇವರು. 1630ರ ಸುಮಾರಿಗೆ ಷಹಜಹಾನನ ವಜೀರ ಆಸಫ್ ಖಾನನ ದಂಡಿನೊಂದಿಗೆ ಜಂಗಿ, ಭಂಗಿ ಎಂಬ ಇಬ್ಬರು ನಾಯಕರು 1,80,000 ಎತ್ತುಗಳನ್ನು ಹೊಡೆದುಕೊಂಡು ಬಂದರೆಂಬ ಕಥನ ಸಮುದಾಯದಲ್ಲಿ ಹೆಮ್ಮೆಯಿಂದ ಉಳಿದಿದೆ. 19ನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳೂ ಅದನ್ನು ದಾಖಲಿಸಿದ್ದಾರೆ. ಅದೇ ಶತಮಾನದ ಉತ್ತರಾರ್ಧದಲ್ಲಿ ರೈಲು ಮತ್ತು ಪಕ್ಕಾ ರಸ್ತೆ ಬಂದವು. ಎತ್ತಿನ ಹೇರು ಯಾರಿಗೂ ಬೇಡವಾಯಿತು. ಬ್ರಿಟಿಷ್ ಆಡಳಿತದ ಹಲವು ಕಡೆ, 1871ರಿಂದ ಜಾರಿಗೆ ಬಂದ ಅಪರಾಧಿ ಬುಡಕಟ್ಟು ಕಾಯ್ದೆಗಳಡಿ ಇಡೀ ಸಮುದಾಯದ ಮೇಲೆ ಕಳಂಕ ಹೊರಿಸಲಾಯಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ನಡೆಯುವ ತಾಂಡಾ ಕ್ರಮೇಣ ನಿಂತ ತಾಂಡಾ ಆಯಿತು. ಎರೆಭೂಮಿಗೆ ಆಗಲೇ ಒಡೆಯರಿದ್ದರು. ಇವರಿಗೆ ಸಿಕ್ಕಿದ್ದು ಗುಡ್ಡದ ಅಂಚು.

ದಖ್ಖನಿನ ಗೋರರಲ್ಲಿ ಮುಖ್ಯವಾಗಿ ನಾಲ್ಕು ಗೋತುಗಳು: ರಾಠೋಡ, ಪವಾರ, ಚವ್ಹಾಣ, ಜಾಧವ. ರಾಠೋಡರಿಗೆ ಭೂಕ್ಯಾ ಎಂದೂ ಜಾಧವರಿಗೆ ವಡತ್ಯಾ ಎಂದೂ ಇನ್ನೊಂದು ಹೆಸರು. ಪ್ರತಿ ಗೋತಿನೊಳಗೆ ಪಾಡಾ ಎಂಬ ಕವಲುಗಳಿವೆ. ರಾಠೋಡರಲ್ಲಿ 27, ಪವಾರರಲ್ಲಿ 12, ಚವ್ಹಾಣರಲ್ಲಿ 6 ಎಂದು ಹಿರಿಯರು ಎಣಿಸುತ್ತಾರೆ. ಜಾಧವರ ಎಣಿಕೆ ಒಬ್ಬೊಬ್ಬರು ಹೇಳುವಾಗ ಒಂದೊಂದಾಗುತ್ತದೆ. ಮದುವೆ ಗೋತಿನ ಹೊರಗೇ ಆಗಬೇಕು.

ಕರ್ನಾಟಕ ಮತ್ತು ಮಹಾರಾಷ್ಟ್ರದ ಶಾಲೆಗಳಲ್ಲಿ ಮಕ್ಕಳ ಹೆಸರಿನ ಮುಂದೆ ಗೋತನ್ನೇ ಬರೆಸಿದರು: ರಾಠೋಡ, ಪವಾರ, ಚವ್ಹಾಣ. ತೆಲಂಗಾಣದಲ್ಲಿ ಪಾಡಾ ಬರೆಸಿದರು: ಅಜ್ಮೀರಾ, ಧಾರಾವತ್, ಮೂಡ್, ಅಂಗೋತ್. ಹಾಗಾಗಿ ಔರಾದದ ಹುಡುಗನಿಗೆ ನಾರಾಯಣಖೇಡದ ಕಡೆಯಿಂದ ಸಂಬಂಧ ಬಂದರೆ ಆಧಾರ್ ಕಾರ್ಡು ನೋಡಿ ಏನೂ ತಿಳಿಯುವುದಿಲ್ಲ. ಹಿರಿಯರು ಕೂತು ಕೇಳುವ ಕ್ರಮ ಹೀಗಿದೆ: ‘ರಾಮ್ ರಾಮ್’ ಆದ ಮೇಲೆ ಗೋತ್ ಯಾವುದು, ಪಾಡಾ ಯಾವುದು, ತಾಯಿಯ ತಾಂಡಾ ಯಾವುದು, ಅಜ್ಜಿ ಯಾರ ಮನೆಯಿಂದ ಬಂದವಳು. ಧಾರಾವತ್ ಎಂದರೆ ವಡತ್ಯಾ, ವಡತ್ಯಾ ಎಂದರೆ ಇಲ್ಲಿನ ಜಾಧವ. ಹುಡುಗ ಜಾಧವನಾಗಿದ್ದರೆ ಚಹಾ ಕುಡಿದು ಎದ್ದುಬಿಡುತ್ತಾರೆ. ಹೆಣ್ಣು ನೋಡಲು ಬಂದವರು ತಂಗಿಯನ್ನು ನೋಡಿ ಹೋದಂತಾಗುತ್ತದೆ. ಹುಡುಗ ರಾಠೋಡನಾಗಿದ್ದರೆ ಮಾತು ಮುಂದುವರಿಯುತ್ತದೆ. ವಂಶಾವಳಿಯನ್ನು ಬಾಯಲ್ಲಿ ಇಟ್ಟುಕೊಂಡು ಹಾಡುತ್ತಿದ್ದ ಢಾಡಿ ಎಂಬ ಗಾಯಕರಿಗೆ ಹಿಂದೆ ಈ ಕಾರಣಕ್ಕೇ ತಾಂಡಾಗಳಲ್ಲಿ ಮಾನವಿತ್ತು. ಅವರು ಕಡಿಮೆಯಾಗುತ್ತ ಬಂದಂತೆ ಈ ಲೆಕ್ಕ ಮುದುಕಿಯರ ನೆನಪಿನ ಮೇಲೆ ನಿಂತಿದೆ.

ಸಂಬಂಧ ಕುದುರಿದರೆ ಎರಡು ತಾಂಡಾದವರು ಕೂಡಿ ಬೆಲ್ಲ ತಿನ್ನುತ್ತಾರೆ. ‘ಗೋಳ್ ಖಾಯೇರೊ’ ಎಂಬ ಈ ಶಾಸ್ತ್ರವೇ ನಿಶ್ಚಯ. ಹಿಂದೆ ಗಂಡಿನವರೇ ತೆರ ಕೊಡುತ್ತಿದ್ದರು. ವರ ಹೆಣ್ಣಿನ ತಾಂಡಾದಲ್ಲಿ ಬಹಳ ದಿನ ಉಳಿಯುವ ಪದ್ಧತಿಯೂ ಇತ್ತು. ಬೀಳ್ಕೊಡುವಾಗ ಮದುಮಗಳು ಎತ್ತಿನ ಮೇಲೆ ನಿಂತು ತವರಿನ ತಾಂಡಾವನ್ನು ಹರಸಿ ಹಾಡುತ್ತಿದ್ದಳು. ಅದನ್ನು ‘ಹವೇಲಿ’ ಎನ್ನುತ್ತಾರೆ. ತಾಯಿ, ಅಕ್ಕತಂಗಿಯರ ಕೊರಳು ತಬ್ಬಿ ಅಳುತ್ತ ಹಾಡುವುದು ‘ಢಾವ್ಲೊ’. ಅಳುವುದನ್ನೂ ಹುಡುಗಿಯರು ಕಲಿಯಬೇಕಿತ್ತು, ಯಾರ ಕೊರಳು ತಬ್ಬಿದಾಗ ಯಾವ ಮಾತು ಎಂಬುದಕ್ಕೆ ಕ್ರಮವಿತ್ತು. ಬಂಧುತ್ವವನ್ನು ಪುಸ್ತಕದಲ್ಲಿ ಬರೆಯುವ ನಕ್ಷೆಗಿಂತ ಈ ಹಾಡುಗಳು ಅದನ್ನು ನಿಖರವಾಗಿ ತೋರಿಸುತ್ತವೆ.

ಗಂಡನ ತಾಂಡಾಕ್ಕೆ ಬಂದವಳು ಮಾವನ ಮುಂದೆ, ಗಂಡನ ಅಣ್ಣನ ಮುಂದೆ ಮುಸುಕು ಎಳೆದುಕೊಳ್ಳುತ್ತಾಳೆ. ಮೈದುನನೊಂದಿಗೆ ಮಾತ್ರ ಚೇಷ್ಟೆ, ಬೈಗುಳ, ಹೋಳಿಯಲ್ಲಿ ಕೋಲಿನ ಪೆಟ್ಟು ಎಲ್ಲ ನಡೆಯುತ್ತದೆ. ಗಂಡ ಸತ್ತರೆ ಮೈದುನನೊಂದಿಗೆ ಕೂಡಿಕೆ ಮಾಡುವ ಪದ್ಧತಿಯೂ ಇತ್ತು. ಆಸ್ತಿ ಮತ್ತು ಮಕ್ಕಳು ಭಾಯಿಗಳ ಕೈಯಲ್ಲೇ ಉಳಿಯುವ ಏರ್ಪಾಡು ಅದು. ವಿಧವೆಗೆ ಆಸರೆ ಎಂದು ಅದನ್ನು ಹೊಗಳಿದವರಿದ್ದಾರೆ. ಅವಳ ಒಪ್ಪಿಗೆಯನ್ನು ಎಷ್ಟು ಸಲ ಕೇಳಲಾಯಿತು ಎಂಬ ಪ್ರಶ್ನೆ ಉಳಿಯುತ್ತದೆ.

ತಾಂಡಾದ ಆಡಳಿತವೂ ಕುಟುಂಬದ ವಿಸ್ತರಣೆಯೇ. ನಾಯಕ, ಅವನ ಜೊತೆ ಕೆಲಸ ನೋಡಿಕೊಳ್ಳುವ ಕಾರಭಾರಿ ಮತ್ತು ಸಲಹೆ ಕೊಡುವ ಡಾವ್. ನಾಯಕತ್ವ ಸಾಮಾನ್ಯವಾಗಿ ತಾಂಡಾ ನೆಲೆಗೊಳಿಸಿದ ಮನೆತನದಲ್ಲಿ ಇಳಿದುಬರುತ್ತದೆ; ಎಷ್ಟೋ ತಾಂಡಾಗಳಿಗೆ ಆ ಮೂಲಪುರುಷನದೇ ಹೆಸರು. ಜಗಳ ಬಂದರೆ ‘ನಸಾಬ್’ ಸೇರುತ್ತದೆ. ನಾಯಕನ ಮನೆಯ ಮುಂದೆ ಎರಡೂ ಪಕ್ಷದವರು ಕೂರುತ್ತಾರೆ, ತಪ್ಪಿತಸ್ಥನಿಗೆ ದಂಡ ಬೀಳುತ್ತದೆ. ಗಂಡ-ಹೆಂಡಿರ ಬಿಡುಗಡೆ, ಓಡಿಹೋದ ಜೋಡಿ, ಮೇವಿನ ಕಳವು, ಗಡಿಕಲ್ಲು ಎಲ್ಲವೂ ಅಲ್ಲಿ ಬಗೆಹರಿಯುತ್ತಿದ್ದವು. ಪೊಲೀಸ್ ಠಾಣೆ ಬಂದ ಮೇಲೂ ಮದುವೆಯ ತಂಟೆಗಳು ಮೊದಲು ಅಲ್ಲಿಗೇ ಹೋಗುತ್ತವೆ. ಹೆಂಗಸರು ಈ ಸಭೆಯಲ್ಲಿ ಕೂರುವುದು ಬಹಳ ಕಾಲ ಇರಲಿಲ್ಲ. ಗ್ರಾಮ ಪಂಚಾಯಿತಿಯ ಮಹಿಳಾ ಮೀಸಲು ಸ್ಥಾನಗಳು ಆ ಅಂಗಳದಲ್ಲಿ ಅವರಿಗೆ ಒಂದಿಷ್ಟು ಜಾಗ ಮಾಡಿಕೊಟ್ಟಿವೆ.

ಹಬ್ಬಗಳಲ್ಲಿ ಈ ರಚನೆ ಬರಿಗಣ್ಣಿಗೇ ಕಾಣುತ್ತದೆ. ಶ್ರಾವಣದ ತೀಜ್ ಹಬ್ಬಕ್ಕೆ ಮದುವೆಯಾಗದ ಹುಡುಗಿಯರು ನಾಯಕನ ಅಪ್ಪಣೆ ಪಡೆದು ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಮಣ್ಣು, ಗೊಬ್ಬರ ತುಂಬಿ ನೆನೆಸಿದ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡುತ್ತ ನೀರೆರೆಯುತ್ತಾರೆ. ಸಸಿ ಗೇಣುದ್ದ ಬೆಳೆದು ಎಳೆಹಳದಿಗೆ ತಿರುಗುವ ಹೊತ್ತಿಗೆ ಅಣ್ಣತಮ್ಮಂದಿರು ಬುಟ್ಟಿಗೆ ಕೈಹಾಕಿ ಅದನ್ನು ಕೀಳುತ್ತಾರೆ. ಹುಡುಗಿಯರು ಹಿರಿಯರ ಪಾಗಿಗೆ ಆ ಎಳೆಗಳನ್ನು ಸಿಕ್ಕಿಸುತ್ತಾರೆ. ಹೋಳಿಯಲ್ಲಿ ಹಿಂದಿನ ವರ್ಷ ಹುಟ್ಟಿದ ಗಂಡುಕೂಸಿಗೆ ಢೂಂಡ್ ನಡೆಯುತ್ತದೆ: ಕೋಲು ಬಡಿದು, ಹರಸಿ, ಕೂಸನ್ನು ತಾಂಡಾದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಶಾಸ್ತ್ರ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹೇಳುತ್ತಾರೆ. ತೀರಿಹೋದ ಹಿರಿಯರ ಹೆಸರು ಹಿಡಿದು ಕೆಂಡಕ್ಕೆ ತುಪ್ಪ, ಲಾಪಸಿ ಹಾಕುವುದೂ ಆ ಹಬ್ಬದ ಭಾಗ. ಫೆಬ್ರವರಿ 15ರ ಸೇವಾಲಾಲ್ ಜಯಂತಿ ಈ ಸಾಲಿಗೆ ಸೇರಿದ ಸಾರ್ವಜನಿಕ ಹಬ್ಬ. ಪರಂಪರೆಯ ಪ್ರಕಾರ ಸೇವಾಲಾಲರು 1739ರಲ್ಲಿ ಇಂದಿನ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದಲ್ಲಿ ಹುಟ್ಟಿದವರು, ರಾಠೋಡ ಗೋತಿನವರು. ಮಹಾರಾಷ್ಟ್ರದ ಪೋಹರಾದೇವಿಯಲ್ಲಿ ಅವರ ಸಮಾಧಿ ಇದೆ. ಎಲ್ಲ ಗೋತಿನವರಿಗೂ ಅವರು ‘ಭಾಯಾ’, ಅಣ್ಣ. ಒಂದು ಗೋತಿನ ಮಗ ಇಡೀ ಗೋರರ ಅಣ್ಣನಾದದ್ದರಿಂದ ನಾಲ್ಕು ಗೋತುಗಳೂ ಒಂದೇ ಗುಡಿಯ ಮುಂದೆ ನಿಲ್ಲುತ್ತವೆ.

ಬೇರೆ ಬೆಟ್ಟಗಳಲ್ಲಿ

ಕರ್ನಾಟಕದ ನಿಜವಾದ ಬೆಟ್ಟಸೀಮೆಗಳ ಬಂಧುತ್ವದೊಂದಿಗೆ ಹೋಲಿಸಿದರೆ ತಾಂಡಾದ ವಿಶೇಷ ಇನ್ನೂ ಸ್ಪಷ್ಟವಾಗುತ್ತದೆ. ಕೊಡಗಿನಲ್ಲಿ ಒಕ್ಕ ಎಂಬ ಮನೆತನ ನೆಲಕ್ಕೆ ಅಂಟಿಕೊಂಡಿದೆ. ಐನ್‌ಮನೆ, ಹಿರಿಯರ ಕೈಮಡ, ಜಮ್ಮಾ ಭೂಮಿ, ಇವೆಲ್ಲದರ ಮೇಲೆ ಒಕ್ಕದ ಹಿರಿಯನಾದ ಪಟ್ಟೇದಾರ. ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ತಂಡಗಳು ಆಡುವುದೂ ಒಕ್ಕದ ಹೆಸರಿನಲ್ಲೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಲಗಳು ಕಾಡಿನ ಎಲ್ಲೆಗಳಿಗೆ ಹೊಂದಿಕೊಂಡಿವೆ. ಆ ಎಲ್ಲೆಯ ದೇವರು, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ನೋಡಿಕೊಳ್ಳುವ ಹೊಣೆ ಆಯಾ ಕುಲದ್ದು. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಲು ಈ ಬಗೆಯ ನೆಲದ ನಂಟು ಬಲವಾದ ಆಧಾರವಾಯಿತು.

ತಾಂಡಾಕ್ಕೆ ಐನ್‌ಮನೆ ಇರಲಿಲ್ಲ, ಎಲ್ಲೆಯೂ ಇರಲಿಲ್ಲ. ಗೋತ್ ಮಾತ್ರ ಇತ್ತು. ಬೀದಿಯಲ್ಲಿ, ಬಯಲಲ್ಲಿ, ಯಾವ ಭಾಷೆಯ ಸೀಮೆಯಲ್ಲಿ ಬಿಡಾರ ಹೂಡಿದರೂ ಹೊತ್ತೊಯ್ಯಬಹುದಾದ ಆಸ್ತಿ ಅದು. ದುಡಿಮೆಗೆ ವಲಸೆ ಹೋಗುವ ಈ ಕಾಲದಲ್ಲೂ ಅದೇ ಕೆಲಸಕ್ಕೆ ಬರುತ್ತದೆ. ಪುಣೆ, ಮುಂಬಯಿ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊಸಬನನ್ನು ಕರೆದೊಯ್ಯುವವನು ಬಹುಪಾಲು ಒಬ್ಬ ಸಗಾ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಬ್ಬು ಕಡಿಯುವ ಗುಂಪುಗಳಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಉಚಲ್, ಅಂದರೆ ಮುಂಗಡ, ಕೊಡುವುದು ಆ ಜೋಡಿಗೆ. ಒಬ್ಬಂಟಿ ಹುಡುಗನಿಗೆ ಅರ್ಧ ಬೆಲೆ. ಮಗನಿಗೆ ಬೇಗ ಮದುವೆ ಮಾಡುವ ಒತ್ತಡ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಸಂಪ್ರದಾಯವನ್ನು ಮಾತ್ರ ದೂರಿದರೆ ಸಾಲದು, ಈ ಮುಂಗಡದ ವಹಿಯನ್ನೂ ತೆರೆದು ನೋಡಬೇಕು.

ತೆರ ಹೋಗಿ ವರದಕ್ಷಿಣೆ ಬಂದದ್ದು ತಾಂಡಾದ ಬಂಧುತ್ವಕ್ಕೆ ಬಿದ್ದ ದೊಡ್ಡ ಪೆಟ್ಟು. ಹೆಣ್ಣು ತರುವವನು ಕೊಡಬೇಕಿದ್ದ ಕಡೆ ಹೆಣ್ಣು ಕೊಡುವವನು ಕೊಡಬೇಕಾಯಿತು. ನೌಕರಿ ಹಿಡಿದ ವರನಿಗೆ ಬೆಲೆ ಕಟ್ಟುವುದನ್ನು ತಾಂಡಾ ಊರಿನಿಂದ ಕಲಿಯಿತು. 1999 ಮತ್ತು 2001ರಲ್ಲಿ ಆಂಧ್ರಪ್ರದೇಶದಲ್ಲಿ ಬಯಲಾದ ದತ್ತು ಹಗರಣಗಳಲ್ಲಿ ತೆಲಂಗಾಣ ಭಾಗದ ಲಂಬಾಡ ತಾಂಡಾಗಳ ಹೆಣ್ಣುಕೂಸುಗಳು ಮಾರಾಟವಾದ ಸಂಗತಿ ಹೊರಬಿತ್ತು. ಬಡತನದೊಂದಿಗೆ ಮುಂದೆ ಕೊಡಬೇಕಾದ ವರದಕ್ಷಿಣೆಯ ಭಯವೂ ಅದರ ಹಿಂದೆ ಇತ್ತು. ಸಗಾ ಎಂಬವನು ಸಮಾನನಾಗಿದ್ದ ವ್ಯವಸ್ಥೆಯಲ್ಲಿ ಹೆಣ್ಣಿನ ತಂದೆ ಕೈಮುಗಿದು ನಿಲ್ಲುವಂತಾದದ್ದು ನೋವಿನ ಸಂಗತಿ.

ಮೂರು ರಾಜ್ಯ, ಮೂರು ಪಟ್ಟಿ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭಾಷಾವಾರು ಹಂಚಿಕೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಅಂದಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಪ್ರದೇಶಕ್ಕೂ ಹೋದವು. ಮಗಳನ್ನು ಕೊಟ್ಟ ಊರು ಬೆಳಗಾಗುವುದರೊಳಗೆ ಬೇರೆ ರಾಜ್ಯದ್ದಾಯಿತು. ಹೆಣ್ಣು ಕೊಡು-ತರುವುದು ಅದರಿಂದ ನಿಲ್ಲಲಿಲ್ಲ. ಸಾಯಗಾಂವದ ಕಡೆಯ ಮನೆಗಳಿಗೆ ಇಂದಿಗೂ ನಿಲಂಗಾ, ಉದಗೀರದ ಸೀಮೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಊರಿನವರಿಗೆ ಈ ಗಡಿ ಭಾಷೆ ಮತ್ತು ಬಸ್ಸಿನ ತೊಂದರೆ. ಲಂಬಾಣಿಗಳಿಗೆ ಅದಕ್ಕಿಂತ ದೊಡ್ಡ ತೊಡಕು ಕಾದಿತ್ತು. ಮೀಸಲಾತಿ ಪಟ್ಟಿಗಳಿಗೆ 1976ರ ಕಾಯ್ದೆ ಮಾಡಿದ ತಿದ್ದುಪಡಿಯ ಬಳಿಕ ಕರ್ನಾಟಕದಾದ್ಯಂತ ಅವರು ಪರಿಶಿಷ್ಟ ಜಾತಿ. ತೆಲಂಗಾಣದಲ್ಲಿ ಅದೇ ಕಾಯ್ದೆಯಿಂದ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಬ್ಬನೇ ಅಜ್ಜನ ಮೊಮ್ಮಕ್ಕಳು ಮೂರು ಬಗೆಯ ಪ್ರಮಾಣಪತ್ರ ಹಿಡಿದಿದ್ದಾರೆ. ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ವಲಸೆ ಹೋದ ರಾಜ್ಯದಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟು 1990ರಲ್ಲಿ ಮರ್ರಿ ಚಂದ್ರಶೇಖರರಾವ್ ಪ್ರಕರಣದಲ್ಲಿ ಹೇಳಿತು. ಗಡಿ ದಾಟಿ ಮದುವೆಯಾಗುವ ಹುಡುಗಿಯರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. ಜಹೀರಾಬಾದಿನ ತಾಂಡಾದಲ್ಲಿ ಪಂಗಡದ ಮೀಸಲಿನಲ್ಲಿ ಓದಿದವಳು ಭಾಲ್ಕಿಗೆ ಸೊಸೆಯಾಗಿ ಬಂದರೆ ಆ ಪತ್ರ ಇಲ್ಲಿನ ನೌಕರಿಗೆ ಉಪಯೋಗವಿಲ್ಲ. ಓದಿದ ಹುಡುಗಿಯರ ತಂದೆತಾಯಿ ಈಗ ಗೋತ್, ಪಾಡಾಗಳ ಜೊತೆಗೆ ರಾಜ್ಯವನ್ನೂ ವಿಚಾರಿಸುತ್ತಾರೆ. ಮೀಸಲಾತಿ ತಾಂಡಾಕ್ಕೆ ಕೊಟ್ಟದ್ದೂ ಕಡಿಮೆಯಲ್ಲ: ಔರಾದ ಮೀಸಲು ವಿಧಾನಸಭಾ ಕ್ಷೇತ್ರದಿಂದ ಬಂಜಾರ ಸಮುದಾಯದ ಪ್ರಭು ಚವ್ಹಾಣ್ 2008ರಿಂದ ಸತತವಾಗಿ ಆಯ್ಕೆಯಾಗಿದ್ದಾರೆ, 2009ರಲ್ಲಿ ರಾಜ್ಯದಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂತು.

ನೆಲದ ಪ್ರಶ್ನೆಗೆ ಉತ್ತರ ತಡವಾಗಿ ಸಿಕ್ಕಿತು. ಬಹುತೇಕ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರಾಗಿರಲೇ ಇಲ್ಲ. ಮನೆ ಯಾರದೆಂಬುದಕ್ಕೆ ನಾಯಕನ ಮಾತೇ ಸಾಕ್ಷಿ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಇಂಥ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಭಾಯಿಗಳ ಒಡಂಬಡಿಕೆಯಲ್ಲಿದ್ದ ಜಾಗ ಒಂದೊಂದು ಕುಟುಂಬದ ಹೆಸರಿಗೆ ಬಂದಿತು. ಬ್ಯಾಂಕಿನ ಸಾಲಕ್ಕೆ ಅದು ದಾರಿ. ಪಾಲಿನ ಜಗಳಕ್ಕೂ ಅದೇ ದಾರಿ.

ಆ ಪಾಲಿನಲ್ಲಿ ಹೆಣ್ಣುಮಕ್ಕಳ ಸ್ಥಾನ ಗಡಿಯ ಎರಡು ಬದಿಯಲ್ಲಿ ಎರಡು ಬಗೆ. ಕರ್ನಾಟಕದ ಲಂಬಾಣಿ ಮಗಳಿಗೆ 2005ರ ತಿದ್ದುಪಡಿಯ ಪ್ರಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಅಣ್ಣತಮ್ಮರಷ್ಟೇ ಹಕ್ಕಿದೆ. ಅದೇ ಕಾಯ್ದೆಯ 2(2)ನೆಯ ಕಲಮು ಪರಿಶಿಷ್ಟ ಪಂಗಡಗಳನ್ನು ಹೊರಗಿಡುತ್ತದೆ. ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸಿದರೆ ಮಾತ್ರ ಅನ್ವಯ. ಹೀಗಾಗಿ ತೆಲಂಗಾಣದಲ್ಲಿರುವ ಅವಳ ದೊಡ್ಡಪ್ಪನ ಮಗಳಿಗೆ ಈ ಕಾನೂನಿನ ಆಸರೆ ನೇರವಾಗಿ ಸಿಗುವುದಿಲ್ಲ. ಪಂಗಡದ ರೂಢಿಯೋ ನ್ಯಾಯಾಲಯದ ವ್ಯಾಖ್ಯಾನವೋ ಗತಿ. ಕಾನೂನು ಕೊಟ್ಟ ಕಡೆಯಲ್ಲೂ ಊರಿನ ಮಗಳು, ತಾಂಡಾದ ಮಗಳು ಇಬ್ಬರೂ ಬಹಳ ಸಲ ಉಪನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ತನ್ನ ಮಗಳ ಮದುವೆಗೆ ಸೋದರಮಾವನಾಗಿ ನಿಲ್ಲುವವರು ಯಾರು ಎಂಬುದು ಅವಳ ಲೆಕ್ಕ. ಕೋರ್ಟಿನ ಮೆಟ್ಟಿಲು ಹತ್ತಿ ಪಾಲು ಪಡೆದವರೂ ಈ ಜಿಲ್ಲೆಯಲ್ಲಿ ಇಲ್ಲದಿಲ್ಲ. ಅವರ ಮಕ್ಕಳ ಮದುವೆಯಲ್ಲಿ ಮಾಮಾನ ಜಾಗದಲ್ಲಿ ಓಣಿಯ ಹಿರಿಯರೊಬ್ಬರು ನಿಂತು ಶಾಸ್ತ್ರ ಪೂರೈಸುತ್ತಾರೆ.